ತೋಟದ ಮಣ್ಣನ್ನು ನಾನು ಅಳೆಯುವ ಬಗೆ

ಕಾಸರಗೋಡಿನ ಅಡಿಕೆ ತೋಟಗಳ ಮಣ್ಣು ಹುಳಿ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮುರಕಲ್ಲಿನ (ಲ್ಯಾಟರೈಟ್) ನೆಲವಿದು. ಕ್ಯಾಲ್ಸಿಯಂ, ಮೆಗ್ನೀಷಿಯಂ, ಪೊಟ್ಯಾಷ್ ಎಲ್ಲವೂ ಕರಗಿ ತೋಡಿನ ಪಾಲಾಗುತ್ತವೆ. ಆದರೆ ನಮ್ಮ ತೋಟದಲ್ಲಿ ಹುಳಿ ಎಷ್ಟಿದೆ, ಯಾವ ಕಡೆ ಹೆಚ್ಚಿದೆ ಎಂಬುದು ಅಳೆಯದೆ ತಿಳಿಯುವುದಿಲ್ಲ.

ಬದಿಯಡ್ಕದ ಹತ್ತಿರದ ನಮ್ಮ ತೋಟದಲ್ಲಿ ನಾನು ಮಣ್ಣು ತೆಗೆಯುವುದು ಜನವರಿಯಲ್ಲಿ. ಮಳೆಗಾಲದ ಕೊನೆಯಲ್ಲಿ ಹಾಕಿದ ಗೊಬ್ಬರಕ್ಕೆ ಆಗ ಮೂರು ತಿಂಗಳು ಕಳೆದಿರುತ್ತದೆ. ಗುಡ್ಡದ ಬದಿಯ ತಟ್ಟುಗಳ ಕೆಂಪು ಮಣ್ಣನ್ನೂ ಕೆಳಗೆ ಹಿಂದೆ ಗದ್ದೆಯಾಗಿದ್ದ ಜಾಗದ ಕಪ್ಪು ಜಿಗುಟು ಮಣ್ಣನ್ನೂ ಎಂದೂ ಬೆರೆಸುವುದಿಲ್ಲ. ಬೆರೆಸಿದರೆ ಸಿಗುವ ಅಂಕಿ ಎರಡಕ್ಕೂ ಸಲ್ಲದು. ಎಷ್ಟೋ ಮಂದಿ ಮನೆ ಹಿಂದಿನ ಒಂದೇ ಗುಂಡಿಯ ಮಣ್ಣನ್ನು ಕಟ್ಟಿಕೊಂಡು ಪ್ರಯೋಗಾಲಯಕ್ಕೆ ಹೋಗುತ್ತಾರೆ. ಅದು ನೋಡುವಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ಅಂಕುಡೊಂಕಾಗಿ ನಡೆಯುತ್ತ ಹತ್ತು ಹದಿನೈದು ಮರಗಳನ್ನು ಆರಿಸಿಕೊಳ್ಳುತ್ತೇನೆ. ಬುಡದಿಂದ ಎರಡಡಿ ದೂರದಲ್ಲಿ ಸೋಗೆ, ಸೊಪ್ಪು ಸರಿಸಿ, ಹಾರೆಯಿಂದ ಒಂದಡಿ ಆಳದ ಗುಂಡಿ ತೆಗೆದು, ಗುಂಡಿಯ ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪಕ್ಕೆ ಕೆರೆಯುತ್ತೇನೆ. ಎರಡನೆಯ ಅಡಿಯ ಮಣ್ಣು ಬೇರೆ ಬಕೆಟಿಗೆ. ಒಂದೊಂದು ಬಕೆಟಿನದನ್ನೂ ಬೇರೆಬೇರೆಯಾಗಿ ಟಾರ್ಪಾಲಿನ ಮೇಲೆ ಹುಡಿ ಮಾಡಿ, ಬೇರು, ಕಲ್ಲು ಹೆಕ್ಕಿ, ವೃತ್ತವಾಗಿ ಹರಡಿ ನಾಲ್ಕು ಪಾಲು ಮಾಡುತ್ತೇನೆ. ಎದುರುಬದುರಿನ ಎರಡು ಪಾಲು ಬಿಸಾಡಿ, ಉಳಿದದ್ದನ್ನು ಮತ್ತೆ ಬೆರೆಸಿ ಮತ್ತೆ ನಾಲ್ಕು ಮಾಡುತ್ತ ಹೋದರೆ ಕೊನೆಗೆ ಅರ್ಧ ಕಿಲೋ ಉಳಿಯುತ್ತದೆ. ಅದನ್ನು ನೆರಳಿನಲ್ಲಿ ಒಣಗಿಸಬೇಕು. ಗೊಬ್ಬರದ ಖಾಲಿ ಚೀಲಕ್ಕೆ ಮಾತ್ರ ಖಂಡಿತ ತುಂಬಬಾರದು.

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿವೆ. ಕ್ಯಾಲ್ಸಿಯಂ, ಮೆಗ್ನೀಷಿಯಂ ಅವುಗಳಲ್ಲಿ ಸೇರಿಲ್ಲ. ನಮ್ಮ ಮಳೆಗೆ ತೊಳೆದುಹೋಗುವವುಗಳಲ್ಲಿ ಅವೂ ಇವೆ. ಹಾಗಾಗಿ ಅವೆರಡನ್ನು ಬೇರೆಯಾಗಿ ಹೇಳಿ ಮಾಡಿಸುತ್ತೇನೆ. ಸಾವಯವ ಇಂಗಾಲ ಶೇಕಡಾ 0.75 ದಾಟಿದರೆ ಹೆಚ್ಚು ಎಂದು ಲೆಕ್ಕ. ಸೊಪ್ಪು ಹಾಕುವ ತೋಟದಲ್ಲಿ ಅದು ಸುಲಭವಾಗಿ ದಾಟುತ್ತದೆ. ಅದೊಂದನ್ನೇ ನೋಡಿ ಮಣ್ಣು ಚೆನ್ನಾಗಿದೆ ಎಂದುಕೊಳ್ಳಬಾರದು. ನಮ್ಮ ಮೇಲಿನ ತಟ್ಟಿನಲ್ಲಿ ಇಂಗಾಲ ಹೆಚ್ಚು, ರಂಜಕವೂ ಹೆಚ್ಚು, ಆದರೆ ರಸಸಾರ (ಪಿಎಚ್, ಏಳಕ್ಕಿಂತ ಕೆಳಗಿಳಿದಷ್ಟೂ ಹುಳಿ ಹೆಚ್ಚು) ಐದರ ಆಸುಪಾಸಿನಲ್ಲಿತ್ತು. ಇಷ್ಟು ಹುಳಿಯಲ್ಲಿ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಮರಕ್ಕೆ ಸಿಗದಂತೆ ಹಿಡಿದಿಟ್ಟುಕೊಳ್ಳುತ್ತವೆ. ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ಸಾಮಾನ್ಯ ಶಿಫಾರಸು. ನಾನು ಆ ತಟ್ಟಿಗೆ ರಂಜಕದ ಗೊಬ್ಬರವಾದ ರಾಕ್ ಫಾಸ್ಫೇಟ್ ನಿಲ್ಲಿಸಿ, ಆ ಹಣದಲ್ಲಿ ಹುಳಿ ತಗ್ಗಿಸುವ ಡೋಲೋಮೈಟ್ ಹುಡಿ ತಂದೆ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಎರಡೂ ಇವೆ. ಬೇಸಿಗೆ ಮಳೆ ಬಿದ್ದು ನೆಲ ಹದವಾದಾಗ ಹರಡಿದೆ. ರಾಸಾಯನಿಕ ಗೊಬ್ಬರ ಎರಡು ವಾರ ಬಿಟ್ಟು ಹಾಕಿದೆ.

ಪ್ರಯೋಗಾಲಯ ಹೇಳದ ಎರಡು ಸಂಗತಿಗಳನ್ನು ನಾನೇ ಅಳೆಯುತ್ತೇನೆ. ಒಂದು, ಎರೆಹುಳು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮಳೆ ಸ್ವಲ್ಪ ಬಿಟ್ಟಾಗ ಒಂದಡಿ ಉದ್ದ, ಅಗಲ, ಆಳದ ಮಣ್ಣನ್ನು ತೆಗೆದು ಹುಡಿ ಮಾಡಿ ಎಣಿಸುವುದು. ಹತ್ತಕ್ಕಿಂತ ಹೆಚ್ಚಿದ್ದರೆ ಸಮಾಧಾನ. ಇನ್ನೊಂದು, ನೀರು ಇಂಗುವ ವೇಗ. ಆರಿಂಚು ಅಗಲದ ಪಿವಿಸಿ ಪೈಪಿನ ತುಂಡನ್ನು ನೆಲಕ್ಕೆ ಬಡಿದು 450 ಮಿಲಿ ನೀರು ಹೊಯ್ಯುತ್ತೇನೆ. ಅದು ಸುಮಾರು ಒಂದಿಂಚು ಮಳೆಗೆ ಸಮ. ಮೊದಲ ಸಲದ್ದು ನೆಲ ನೆನೆಯಲು. ಎರಡನೆಯ ಸಲ ಹೊಯ್ದದ್ದು ಇಂಗುವ ಸಮಯವನ್ನು ಮೊಬೈಲಿನಲ್ಲಿ ನೋಡಿ ಬರೆದುಕೊಳ್ಳುತ್ತೇನೆ. ಅಡಿಕೆ ಹೊರುವವರು ನಡೆಯುವ ಸಾಲಿನಲ್ಲಿ ನೀರು ಹಾಗೆಯೇ ನಿಂತಿತ್ತು. ಪಕ್ಕದಲ್ಲೇ ಸೊಪ್ಪಿನಡಿ ಬೇಗನೆ ಇಂಗಿತು. ಹಾಗಾಗಿ ಈಗ ನಡೆಯುವ ದಾರಿಯನ್ನು ಒಂದೇ ಸಾಲಿಗೆ ಸೀಮಿತಗೊಳಿಸಿದ್ದೇನೆ. ಬಿಟ್ಟ ಸಾಲುಗಳಿಗೆ ಸೋಗೆ ಹಾಸಿ, ಮುಂದಿನ ಜನವರಿಯಲ್ಲಿ ಅದೇ ಜಾಗದಲ್ಲಿ ಪೈಪು ಊರಿ ನೋಡಲಿದ್ದೇನೆ.