ಮಳೆಯಲ್ಲಿ ಸ್ಟೀಮ್ ರ‍್ಯಾಲಿ: ಕಾರು ಕೆಸರಲ್ಲಿ ಹೂತುಕೊಳ್ಳದಂತೆ ಹೋಗಿ ಬರುವುದು ಹೇಗೆ?

ಇಂಗ್ಲೆಂಡಿನಲ್ಲಿ ಬೇಸಿಗೆ ಬಂತೆಂದರೆ ಹಳ್ಳಿ ಕಡೆ ಸ್ಟೀಮ್ ರ‍್ಯಾಲಿಗಳು ಶುರು. ನೂರು ವರ್ಷ ದಾಟಿದ ಹಬೆ ಎಂಜಿನ್‌ಗಳು, ಎರಡನೇ ಮಹಾಯುದ್ಧದ ಜೀಪು, ಲಾರಿಗಳು ಒಂದೇ ಮೈದಾನದಲ್ಲಿ ನೋಡಲು ಸಿಗುತ್ತವೆ. ಜುಲೈ ಕೊನೆಗೆ ವೂಸ್ಟರ್‌ಷೈರ್‌ನ ವೆಲ್ಯಾಂಡ್, ಸೆಪ್ಟೆಂಬರ್‌ನಲ್ಲಿ ಬೆಡ್‌ಫರ್ಡ್‌ಷೈರ್‌ನ ಓಲ್ಡ್ ವಾರ್ಡನ್, ನಡುವೆ ಇನ್ನೂ ಎಷ್ಟೋ. ಊರಿಂದ ಅಪ್ಪ, ಅಮ್ಮ ಬಂದಾಗ ಕರೆದುಕೊಂಡು ಹೋಗಲು ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ಹಿಂದೆ ನಮ್ಮಲ್ಲಿ ರಸ್ತೆ ಹಾಕಲು ಬರುತ್ತಿದ್ದ ಹೊಗೆ ಉಗುಳುವ ರೋಡ್ ರೋಲರ್ ನೆನಪಿರುವವರಿಗಂತೂ ಹಬ್ಬ.

ಮಳೆ ಬಂದರೆ ಹೋಗಬೇಕಾ? ಖಂಡಿತ ಹೋಗಿ. ಮೈದಾನವೇ ಜೌಗಾದರೆ ರದ್ದಾಗಬಹುದು, ಬೆಳಿಗ್ಗೆ ಅವರ ವೆಬ್‌ಸೈಟ್ ನೋಡಿ ಹೊರಡಿ. ನಮ್ಮವರು ಎಡವುವುದು ಜಾತ್ರೆಯಲ್ಲಲ್ಲ, ಕಾರು ನಿಲ್ಲಿಸುವ ಹೊಲದಲ್ಲಿ.

ಮೊದಲು ಬಟ್ಟೆ. ಗಮ್ ಬೂಟು, ಒಳಗೆ ದಪ್ಪ ಕಾಲುಚೀಲ, ಟೋಪಿ ಇರುವ ರೇನ್‌ಕೋಟು. ಬೂಟು ಒಂದು ಸೈಜ್ ದೊಡ್ಡದಿರಲಿ. ಸೂಪರ್ ಮಾರ್ಕೆಟ್ಟಿನ ಅಗ್ಗದ ಪ್ಲಾಸ್ಟಿಕ್ ಬೂಟು ಬೇಡ, ಮಡಿಕೆ ಬೀಳುವ ಜಾಗದಲ್ಲೇ ಸೀಳುತ್ತದೆ. ಕೊಡೆ ಬೇಡವೇ ಬೇಡ. ಹಿಂದಿನವರಿಗೆ ಏನೂ ಕಾಣುವುದಿಲ್ಲ, ಹಬೆ ಎಂಜಿನ್ನಿಂದ ಬೇರೆ ಯಂತ್ರ ಓಡಿಸುವ ತಿರುಗುವ ಬೆಲ್ಟಿನ ಹತ್ತಿರ ಗಾಳಿಗೆ ಮಗುಚಿಕೊಂಡರೆ ಅಪಾಯ ಬೇರೆ. ಸ್ವಲ್ಪ ನಗದು ಇಟ್ಟುಕೊಳ್ಳಿ, ಹೊಲದಲ್ಲಿ ಸಿಗ್ನಲ್ ಇಲ್ಲದೆ ಕಾರ್ಡ್ ಮೆಷಿನ್ ಕೈಕೊಡುತ್ತದೆ. ಬರ್ಗರ್ ಗಾಡಿ ಮುಂದೆ ನೆನೆಯುತ್ತಾ ನಿಲ್ಲುವ ಬದಲು ಡಬ್ಬಿಯಲ್ಲಿ ಚಿತ್ರಾನ್ನ ಒಯ್ಯಿರಿ.

ಈಗ ಪಾರ್ಕಿಂಗ್. ಇದನ್ನು ನಿಧಾನವಾಗಿ ಓದಿ.

ಬೇಗ ಹೋಗಿ. ಹತ್ತು ಗಂಟೆ ಮೇಲೆ ಹೋದರೆ ಉಳಿದಿರುವುದು ತಗ್ಗಿನ ಜಾಗ, ನೀರೆಲ್ಲ ಇಳಿಯುವುದೂ ಅಲ್ಲಿಗೇ. ಕೈ ತೋರಿಸುವ ಸ್ವಯಂಸೇವಕರಿಗೆ ಕಿಟಕಿ ಇಳಿಸಿ, ಗಟ್ಟಿ ದಾರಿಯ ಪಕ್ಕ ಅಥವಾ ಎತ್ತರದ ಕಡೆ ಜಾಗ ಇದೆಯಾ ಅಂತ ಕೇಳಿ. ವಯಸ್ಸಾದವರು ಇದ್ದಾರೆ ಎಂದರೆ ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ. ಹುಲ್ಲು ಇನ್ನೂ ನಿಂತಿರುವ ಕಡೆ ಹೋಗಿ, ಹತ್ತು ಕಾರು ಓಡಾಡಿ ಕಪ್ಪಾದ ಜಾಡು ಬಿಡಿ. ಮೂತಿ ಇಳಿಜಾರಿನ ಕಡೆಗೆ, ಹೊರಗಿನ ದಾರಿಯ ಕಡೆಗೆ ಇರಲಿ. ಬೆಳಿಗ್ಗೆ ಹುಲ್ಲು ಗಟ್ಟಿಯಿರುವಾಗ ಕಾರು ತಿರುಗಿಸುವುದು ಸುಲಭ, ಸಂಜೆ ಆಗುವುದಿಲ್ಲ.

ಇಳಿದ ಮೇಲೆ ಇನ್ನೊಂದು ಕೆಲಸ. ಡಿಕ್ಕಿಯ ನೆಲ ಎತ್ತಿ, ಜಾಕ್ ಪಕ್ಕದಲ್ಲಿ ಕಬ್ಬಿಣದ ಕೊಂಡಿ ಇದೆಯಾ ನೋಡಿ. ಅದು ಎಳೆಯುವ ಕೊಂಡಿ. ಬಂಪರ್‌ನಲ್ಲಿ ಸಣ್ಣ ಚೌಕದ ಮುಚ್ಚಳ ಇರುತ್ತದೆ, ಒಂದು ಅಂಚು ಒತ್ತಿದರೆ ಬಿಚ್ಚಿಕೊಳ್ಳುತ್ತದೆ, ಒಳಗೆ ತಿರುಪಿನ ತೂತು. ಎಷ್ಟೋ ಕಾರುಗಳಲ್ಲಿ ಈ ತಿರುಪು ಉಲ್ಟಾ: ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಇದು ಗೊತ್ತಿಲ್ಲದೆ ಕೆಸರಲ್ಲಿ ಮಂಡಿಯೂರಿ ಬಲಕ್ಕೆ ತಿರುಗಿಸಿ ಬೈದುಕೊಳ್ಳುವವರನ್ನು ನೋಡುತ್ತಲೇ ಇದ್ದೇನೆ. ಒಣಗಿದ್ದಾಗಲೇ ಒಮ್ಮೆ ಹಾಕಿ ನೋಡಿ. ಕಡೆಗೆ ವೀಲ್ ಸ್ಪ್ಯಾನರ್ ತೂರಿಸಿ ಪೂರ್ತಿ ಬಿಗಿಯಬೇಕು, ಅರ್ಧಕ್ಕೆ ಬಿಟ್ಟರೆ ಎಳೆದಾಗ ಬಗ್ಗುತ್ತದೆ.

ಸಂಜೆ ಹೊರಡುವಾಗ ಎರಡನೇ ಗೇರ್ ಹಾಕಿ, ಕ್ಲಚ್ ಮೆಲ್ಲಗೆ ಬಿಡಿ, ಸ್ಟೀರಿಂಗ್ ನೇರ ಇರಲಿ. ನಡೆಯುವ ವೇಗ ಸಾಕು, ಆದರೆ ಗಟ್ಟಿ ದಾರಿ ಸಿಗುವ ತನಕ ನಿಲ್ಲಿಸಬೇಡಿ. ಚಕ್ರ ಗಿರಗಿರ ಸುತ್ತಿತೇ? ತಕ್ಷಣ ಕಾಲು ತೆಗೆಯಿರಿ. ಆಕ್ಸಿಲರೇಟರ್ ಒತ್ತಿದಷ್ಟೂ ಟೈರು ಗುಂಡಿ ತೋಡುತ್ತದೆ, ಆಮೇಲೆ ಕಾರಿನ ಹೊಟ್ಟೆಯೇ ನೆಲಕ್ಕೆ ಕೂರುತ್ತದೆ. ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ತೂಗಿಸಿ ನೋಡಿ. ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಎಂಜಿನ್ನನ್ನೇ ಅದುಮುತ್ತಿದ್ದರೆ ಬಟನ್ ಒತ್ತಿ ಆಫ್ ಮಾಡಿ. ಕಾಲಡಿಯ ಮ್ಯಾಟ್ ತೆಗೆದು ಚಕ್ರದ ಕೆಳಗೆ ಇಡುವ ಐಡಿಯಾ ಎಲ್ಲರಿಗೂ ಬರುತ್ತದೆ. ಮ್ಯಾಟ್ ಹಿಂದಕ್ಕೆ ಹಾರಿ ತಳ್ಳುತ್ತಿರುವ ಭಾವಮೈದುನನ ಮೊಣಕಾಲಿಗೆ ಬಡಿಯುತ್ತದೆ, ಅಷ್ಟೇ. ಆನ್‌ಲೈನ್‌ನಲ್ಲಿ ಸಿಗುವ ಮಡಚುವ ಪ್ಲಾಸ್ಟಿಕ್ ಹಲಗೆಗಳೂ ಹಾಗೇ, ದುಡ್ಡು ದಂಡ.

ಎರಡು ಸಲ ಆಗಲಿಲ್ಲ ಎಂದರೆ ಸುಮ್ನೆ ಕೂತು ಟ್ರ್ಯಾಕ್ಟರಿಗೆ ಕೈ ಮಾಡಿ. ಇಂಥ ದಿನ ಅವರು ತಯಾರಾಗೇ ಇರುತ್ತಾರೆ. ಹಗ್ಗ ಕೊಂಡಿಗೇ ಕಟ್ಟಲಿ, ಬಂಪರಿಗೆ ಬೇಡ. ಎಳೆತ ನೇರವಾಗಿರಲಿ. ಹಗ್ಗದ ಉದ್ದಕ್ಕಿಂತ ದೂರ ಎಲ್ಲರೂ ನಿಲ್ಲಲಿ, ಬಿಗಿದ ಹಗ್ಗ ಕಿತ್ತರೆ ಚಾಟಿ.

ಇನ್ನು ನೋಡುವುದು. ಹಬೆ ಎಂಜಿನ್ ಮಳೆಯಲ್ಲಿ ನೋಡಿದಷ್ಟು ಚೆಂದ ಬಿಸಿಲಲ್ಲಿ ಇಲ್ಲ. ಒಣ ಬಿಸಿಲಲ್ಲಿ ಹಬೆ ಬೇಗ ಮಾಯ, ತಂಪು ಗಾಳಿಯಲ್ಲಿ ಬೆಳ್ಳಗೆ ಮೋಡದಂತೆ ನಿಲ್ಲುತ್ತದೆ. ಜನವೂ ಕಡಿಮೆ. ಮಾಲೀಕರು ತಗಡಿನ ಚಾವಣಿ ಕೆಳಗೆ ಚಹಾ ಕುಡಿಯುತ್ತಾ ಮಾತಿಗೆ ಸಿಗುತ್ತಾರೆ. ಅವರ ಕಣ್ಣಿಗೆ ಬೀಳುವ ಹಾಗೆ ನಿಂತು, ಹತ್ತಬಹುದಾ ಅಂತ ಕೇಳಿ. ಬೆಂಕಿಗೂಡಿನ ಮುಂದೆ ಎರಡು ನಿಮಿಷ ನಿಂತರೆ ಚಳಿ ಬಿಟ್ಟುಹೋಗುತ್ತದೆ.

ಹೊರಡುವ ಎಂಜಿನ್ನಿನ ಪಕ್ಕ ಮಾತ್ರ ನಿಲ್ಲಬೇಡಿ. ನಿಂತಿದ್ದಾಗ ಸಿಲಿಂಡರ್ ಒಳಗೆ ಹಬೆ ತಣಿದು ನೀರಾಗಿರುತ್ತದೆ. ನೀರನ್ನು ಅದುಮಲಾಗದು, ಅದು ಒಳಗೇ ಉಳಿದರೆ ಸಿಲಿಂಡರೇ ಒಡೆಯಬಹುದು. ಅದಕ್ಕೆ ಚಾಲಕ ಮೊದಲು ಸಣ್ಣ ನಲ್ಲಿಗಳನ್ನು ತೆರೆಯುತ್ತಾನೆ. ಬುಸ್ ಎಂದು ಬಿಸಿನೀರು ಚಿಮ್ಮುತ್ತದೆ. ಚಿಮಣಿಯಿಂದ ಮಸಿ ಬೆರೆತ ಹನಿಗಳೂ ಬೀಳುತ್ತವೆ, ಬಿಳಿ ಅಂಗಿ ಬೇಡ. ಮುಂದೆ, ಹಿಂದೆಯಂತೂ ನಿಲ್ಲಲೇಬೇಡಿ. ಹತ್ತು ಟನ್ ಆಸುಪಾಸು ತೂಗುವ ಎಂಜಿನ್ನಿನ ಕಬ್ಬಿಣದ ಚಕ್ರ ಒದ್ದೆ ಹುಲ್ಲಿನ ಮೇಲೆ ಜಾರಿದರೆ ಬ್ರೇಕಿಗೆ ಕೆಲಸವಿಲ್ಲ.

ಉಳುವ ಎಂಜಿನ್‌ಗಳಿದ್ದರೆ ಬಿಡಬೇಡಿ. ಹೊಲದ ಈ ತುದಿಗೊಂದು, ಆ ತುದಿಗೊಂದು ಎಂಜಿನ್, ನಡುವೆ ಉಕ್ಕಿನ ಹಗ್ಗದಲ್ಲಿ ನೇಗಿಲು ಹೋಗಿ ಬರುತ್ತದೆ. ಇಷ್ಟು ಭಾರದ ಯಂತ್ರ ಮೆತ್ತನೆ ನೆಲಕ್ಕೆ ಇಳಿದರೆ ಮಣ್ಣು ಗಟ್ಟಿಯಾಗುತ್ತದೆ, ಇಲ್ಲ ಯಂತ್ರವೇ ಹೂತುಹೋಗುತ್ತದೆ. ಅದಕ್ಕೇ ಅಂಚಿನಲ್ಲೇ ನಿಂತು ಎಳೆಯುವ ಉಪಾಯ. ಹಬೆಯಿಂದ ಉಳುವ ಯಂತ್ರಕ್ಕೆ ಇಂಗ್ಲೆಂಡಿನ ರಾಯಲ್ ಕೃಷಿ ಸಂಘ ಇಟ್ಟಿದ್ದ 500 ಪೌಂಡ್ ಬಹುಮಾನವನ್ನು 1858ರಲ್ಲಿ ಎಂಜಿನಿಯರ್ ಜಾನ್ ಫೌಲರ್ ಗೆದ್ದ. ಕಾರು ಹೂತುಕೊಂಡು ಪರದಾಡುವವರು ಆ ಕಡೆ ಒಮ್ಮೆ ನೋಡಬೇಕು! ಒಕ್ಕಣೆ ಯಂತ್ರ ಮಾತ್ರ ಮಳೆಯಲ್ಲಿ ಓಡದಿದ್ದರೆ ಬೇಜಾರಾಗಬೇಡಿ, ಒದ್ದೆ ಕಂತೆ ಹಾಕಿದರೆ ಒಳಗೆ ಕಟ್ಟಿಕೊಳ್ಳುತ್ತದೆ.

ಮಿಲಿಟರಿ ಗಾಡಿಗಳ ಕಡೆ ಗಾಳಿ ನೋಡಿ ನಿಲ್ಲಿ, ಟ್ಯಾಂಕಿನ ಹಾಗೆ ಟ್ರ್ಯಾಕ್ ಇರುವ ಗಾಡಿ ಕೆಸರನ್ನು ಬೇಲಿಯಾಚೆಗೂ ಎರಚುತ್ತದೆ. ಒದ್ದೆ ಉಕ್ಕಿನ ಮೇಲೆ ಮಕ್ಕಳನ್ನು ಹತ್ತಿಸಬೇಡಿ. ಜೀಪುಗಳ ಸಾಲಿನಲ್ಲಿ ಮುಂದಿನ ಜಾಲರಿಯ ಸೀಳು ಎಣಿಸಿ. ಯುದ್ಧಕಾಲದ ಹೆಚ್ಚಿನವಕ್ಕೆ ಒಂಬತ್ತು, ಆಮೇಲಿನ ಸಿವಿಲ್ ಜೀಪಿಗೆ ಏಳು. ಮಲೆನಾಡಿನ ತೋಟದ ದಾರಿಗಳಲ್ಲಿ ಓಡಾಡಿದ ಮಹೀಂದ್ರ ಜೀಪು ಯುದ್ಧಕಾಲದ ಜೀಪು ಮಾಡಿದ ಅಮೆರಿಕದ ವಿಲ್ಲಿಸ್ ಕಂಪನಿಯ ಇದೇ ವಂಶದ್ದು. ಸಕಲೇಶಪುರದ ಕಡೆಯವರು ಜೊತೆಗಿದ್ದರೆ ಇಲ್ಲಿ ಅರ್ಧ ಗಂಟೆ ಜಾಸ್ತಿ ಇಟ್ಟುಕೊಳ್ಳಿ.

ಮನೆಗೆ ಬಂದ ರಾತ್ರಿಯೇ ಚಕ್ರದ ಒಳಭಾಗಕ್ಕೆ ನೀರು ಹಾಯಿಸಿ. ಹೊರಗೆ ಎಷ್ಟು ಉಜ್ಜಿದರೂ ಒಳಗೆ ಒಂದೇ ಕಡೆ ಅಂಟಿದ ಕೆಸರು ಒಣಗಿ ಕೂತರೆ ಮಾರನೇ ದಿನ ಮೋಟರ್‌ವೇನಲ್ಲಿ ಸ್ಟೀರಿಂಗ್ ಗಡಗಡ ನಡುಗುತ್ತದೆ. ಗ್ಯಾರೇಜಿನವರು ವೀಲ್ ಬ್ಯಾಲೆನ್ಸಿಂಗ್ ಅಂತ ಬಿಲ್ ಮಾಡುತ್ತಾರೆ.