ನಾಲ್ಕು ರಾಜ್ಯದ ಕಡಲು, ಒಂದೇ ಪೆಟ್ಟಿಗೆಯ ಬಣ್ಣ

ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲಾ ಕಲಘಟಗಿ ಕಡೆ ಬೇಡ್ತಿಯನ್ನು ಸೇರುತ್ತದೆ. ಆ ನೀರು ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎನ್ನಿಸಿಕೊಂಡು, ಅಂಕೋಲಾ ಮತ್ತು ಗೋಕರ್ಣದ ನಡುವೆ ಸಮುದ್ರಕ್ಕೆ ಹೋಗುತ್ತದೆ. ನಾನು ಧಾರವಾಡದಲ್ಲಿ ಜಲವರ್ಣದ ಚಿತ್ರ ಬರೆಯುವವನು. ಮಹಾರಾಷ್ಟ್ರ, ಗೋವಾ, ಕರ್ನಾಟಕ, ಕೇರಳ ಈ ನಾಲ್ಕೂ ರಾಜ್ಯಗಳ ಕರಾವಳಿಯನ್ನು ಅಕ್ಕಪಕ್ಕ ಇಟ್ಟು ನೋಡಬೇಕು ಅನ್ನಿಸಿದಾಗ, ನಮ್ಮೂರ ನೀರು ಕಡಲು ಕಾಣುವ ಆ ಜಾಗದಿಂದಲೇ ಶುರು ಮಾಡಿದೆ. ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲ್ ಘಾಟ್ ದಾಟಿದರೆ ಅಂಕೋಲಾ ಸುಮಾರು 140 ಕಿ.ಮೀ. ಅಲ್ಲಿಂದ ಉತ್ತರಕ್ಕಾಗಲಿ ದಕ್ಷಿಣಕ್ಕಾಗಲಿ ಕೊಂಕಣ ರೈಲು ಇದ್ದೇ ಇದೆ.

ಬೀಚ್‌ಗಳನ್ನು ಹೋಲಿಸಲು ಹೋಗಲಿಲ್ಲ. ಮರಳು, ಅಲೆ, ಸಂಜೆ ಸೂರ್ಯ, ಎಲ್ಲಿ ಹೋದರೂ ಚೆಂದವೇ. ಆದರೆ ಚಿತ್ರದಲ್ಲಿ ಅದು ಯಾವ ಊರು ಅಂತ ಗೊತ್ತಾಗುವುದಿಲ್ಲ. ನದಿ ಸಮುದ್ರ ಸೇರುವ ಅಳಿವೆ ಹಾಗಲ್ಲ. ಗುಡ್ಡ, ಮಣ್ಣು, ಗದ್ದೆ, ದೋಣಿ, ಕಡಲು ಎಲ್ಲವೂ ಒಂದೇ ಕಡೆ ಸಿಗುತ್ತವೆ. ಪ್ರತಿ ಅಳಿವೆಗೂ ಸ್ಕೆಚ್ ಬುಕ್ಕಿನ ಒಂದು ಹಾಳೆ. ಎಡಕ್ಕೆ ಪೂರ್ವದ ನೋಟ, ಬಲಕ್ಕೆ ಪಶ್ಚಿಮದ್ದು. ಮೂಲೆಯಲ್ಲಿ ಅಲ್ಲಿನ ಮಣ್ಣನ್ನೇ ಒದ್ದೆ ಬೆರಳಲ್ಲಿ ಒತ್ತಿ ಒಂದು ಗುರುತು. ಬಣ್ಣದ ಪೆಟ್ಟಿಗೆ ಎಲ್ಲ ಕಡೆಗೂ ಒಂದೇ. ಹಾಗಿದ್ದರೆ ಮಾತ್ರ ಹೋಲಿಕೆಗೆ ಅರ್ಥ, ಅಲ್ವಾ?

ಎರಡು ವಿಷಯ ಮೊದಲೇ ಗಮನಿಸಬೇಕು. ಒಂದು, ಕಾಲ. ರತ್ನಾಗಿರಿ ಕಡೆ ಮಳೆ ಹೆಚ್ಚೂಕಡಿಮೆ ಜೂನ್‌ನಿಂದ ಸೆಪ್ಟೆಂಬರ್‌ಗೆ ಮುಗಿಯುತ್ತದೆ. ದೀಪಾವಳಿ ದಾಟಿ ಸ್ವಲ್ಪ ದಿನಕ್ಕೇ ಹುಲ್ಲು ಒಣಗಲು ಶುರು. ಕೇರಳಕ್ಕೆ ಅಕ್ಟೋಬರ್, ನವೆಂಬರ್‌ನಲ್ಲಿ ಇನ್ನೊಂದು ಸುತ್ತು ಮಳೆ ಬರುತ್ತದೆ. ಹಾಗಾಗಿ ಇಲ್ಲಿಯದನ್ನು ಬೇಸಿಗೆಯಲ್ಲಿ, ಅಲ್ಲಿಯದನ್ನು ಮಳೆ ಮುಗಿದ ತಕ್ಷಣ ನೋಡಿ ಯಾವುದು ಹಸಿರು ಅಂತ ತೀರ್ಮಾನಿಸುವುದು ಸರಿಯಲ್ಲ. ಇನ್ನೊಂದು, ಉಬ್ಬರ ಮತ್ತು ಇಳಿತ. ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ಮುಂಬೈ ಕಡೆ ನೀರಿನ ಏರಿಳಿತ 4 ಮೀಟರ್ ದಾಟುತ್ತದೆ. ಕೊಚ್ಚಿಯಲ್ಲಿ ಅದು ಸುಮಾರು 1 ಮೀಟರ್ ಅಷ್ಟೆ. ಉತ್ತರಕ್ಕೆ ಹೋದಷ್ಟೂ ಬೆಳಿಗ್ಗೆ ಬರೆದ ದಡ ಮಧ್ಯಾಹ್ನ ಇರುವುದಿಲ್ಲ. ಆದ್ದರಿಂದ ಇಳಿತದ ವೇಳೆ ನೋಡಿಕೊಂಡೇ ಕೂರುತ್ತಿದ್ದೆ.

ರತ್ನಾಗಿರಿಯ ಹಾಳೆಯಲ್ಲಿ ಕಡಲಿಗಿಂತ ನೆಲವೇ ಜಾಸ್ತಿ. ಮೇಲೆ ಚಪ್ಪಟೆಯಾದ ಕೆಂಪುಕಲ್ಲಿನ ಬಯಲು, ಕೆಳಗೆ ಕಡಿದಾದ ದಡ, ನಡುನಡುವೆ ನೆಲದೊಳಗೆ ನುಗ್ಗಿದ ಕಡಲಿನ ಕವಲುಗಳು, ಅಂದರೆ ಖಾಡಿಗಳು. ಸಹ್ಯಾದ್ರಿ ಅಲ್ಲಿಂದ ಬಹಳ ಒಳಗೆ. ಗೋವಾದಲ್ಲಿ ನನಗೆ ಹಿಡಿಸಿದ್ದು ಮಾಂಡವಿ, ಜುವಾರಿ ದಂಡೆಯ ಖಾಜನ್ ಗದ್ದೆಗಳು. ಉಪ್ಪುನೀರನ್ನು ಕಟ್ಟೆ ಹಾಕಿ ತಡೆದು, ತೂಬಿನಲ್ಲಿ ಬೇಕಾದಷ್ಟೇ ಒಳಗೆ ಬಿಟ್ಟುಕೊಳ್ಳುವ ನೆಲ ಅದು.

ಕಾರವಾರಕ್ಕೆ ಬಂದರೆ ಚಿತ್ರ ಪೂರ್ತಿ ಬದಲು. ಕಾಳಿ ಸೇತುವೆ ಹತ್ತಿರ ನಿಂತು ಪೂರ್ವಕ್ಕೆ ತಿರುಗಿದರೆ ಗುಡ್ಡದ ಹಿಂದೆ ಗುಡ್ಡ. ಪಶ್ಚಿಮಕ್ಕೆ ಸದಾಶಿವಗಡ, ಕಡಲು, ಅದರಾಚೆ ದ್ವೀಪ. ಇಂಡಿಗೊ ಎಂಬ ಕಡುನೀಲಿ ಬಣ್ಣ ಇಲ್ಲಿ ಖರ್ಚಾದಷ್ಟು ಬೇರೆಲ್ಲೂ ಆಗಲಿಲ್ಲ. ಗಾಳಿಯ ತೇವಕ್ಕೆ ಒಂದು ವಾಶ್, ಅಂದರೆ ತೆಳುವಾಗಿ ಬಳಿದ ಬಣ್ಣದ ಪದರ, ಒಣಗಲು ಬಹಳ ಹೊತ್ತು ಬೇಕು. ಧಾರವಾಡದ ಬೇಸಿಗೆಯಲ್ಲಿ ಕುಂಚ ಎತ್ತುವುದರೊಳಗೆ ಹಾಳೆ ಒಣಗಿರುತ್ತದೆ.

ಕುಮಟಾ ಹತ್ತಿರದ ಅಘನಾಶಿನಿಗೆ ಮಾತ್ರ ಮತ್ತೆ ಮತ್ತೆ ಹೋದೆ. ಅಣೆಕಟ್ಟೇ ಇಲ್ಲದೆ ಸಮುದ್ರ ಮುಟ್ಟುವ ನದಿ. 2024ರಲ್ಲಿ ಇದರ ಅಳಿವೆ ರಾಮ್ಸಾರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ, ಪಟ್ಟಿಗೆ ಸೇರಿತು. ಇಳಿತದಲ್ಲಿ ಹೆಂಗಸರು ಸೊಂಟದ ಮಟ್ಟದ ನೀರಲ್ಲಿ ನಿಂತು, ಕೆಸರು ತಡಕಿ ಬಳಚು ಎಂಬ ಚಿಪ್ಪುಜೀವಿ ಆರಿಸುತ್ತಿದ್ದರು. "ಅಕ್ಕಾ, ಇನ್ನೆಷ್ಟು ಹೊತ್ತು ಇರ್ತೀರಿ?" ಅಂದೆ. "ನೀರು ತಿರುಗೋವರೆಗೆ" ಅಂದರು. ನನ್ನ ಕೆಲಸಕ್ಕೂ ಅಷ್ಟೇ ಹೊತ್ತು. ಆ ಕೆಸರಿನ ಬಣ್ಣ ಬೂದಿಯೂ ಅಲ್ಲ, ಹಸಿರೂ ಅಲ್ಲ. ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣಕ್ಕೆ ಇಂಡಿಗೊ ಬೆರೆಸಿ, ತುದಿಯಲ್ಲಿ ಒಂದಿಷ್ಟು ಹಳದಿ ಮುಟ್ಟಿಸಿದಾಗ ಹತ್ತಿರ ಬಂತು. ದಂಡೆಯ ಗಜನಿ ಗದ್ದೆಗಳಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. ಗೋವಾದ ಖಾಜನ್, ಕಣ್ಣೂರಿನ ಕೈಪಾಡ್, ಎರ್ನಾಕುಲಂ ಕಡೆಯ ಪೊಕ್ಕಾಳಿ ಗದ್ದೆ ಎಲ್ಲವೂ ಇದೇ ಬಳಗ. ಮೂರು ರಾಜ್ಯದ ಹಾಳೆ ಹರಡಿದರೆ ಈ ಗದ್ದೆಗಳನ್ನು ಬೇರೆ ಬೇರೆ ಅಂತ ಹೇಳುವುದೇ ಕಷ್ಟ.

ನನಗೆ ಖಾತ್ರಿಯಾದದ್ದು ಇದು: ಕರಾವಳಿ ಬದಲಾಗುವುದು ರಾಜ್ಯದ ಗಡಿಯಲ್ಲಲ್ಲ, ಉಡುಪಿ ಜಿಲ್ಲೆಯ ಬೈಂದೂರು ದಾಟಿದ ಮೇಲೆ. ಕಾರವಾರದಿಂದ ಅಲ್ಲಿಯವರೆಗೆ ಗುಡ್ಡಗಳು ಕಡಲಿನ ಹತ್ತಿರವೇ ಬರುತ್ತವೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ನದಿ ಕಡಲಿಗೆ ನೇರ ನುಗ್ಗದೆ ಅದರ ಪಕ್ಕದಲ್ಲೇ ಸಾಗುತ್ತದೆ. ಅಲ್ಲಿಂದ ಕೆಳಗೆ ಮತ್ತೆ ಮತ್ತೆ ಕಾಣುವುದು ಇದೇ ನೋಟ: ಕೋಡಿ ಬೆಂಗ್ರೆಯ ಮರಳು ಪಟ್ಟಿ, ಸಸಿಹಿತ್ಲು, ಮಂಗಳೂರಿನ ಬೆಂಗ್ರೆ. ಕೇರಳದಲ್ಲಿ ಅದೇ ದೊಡ್ಡದಾಗಿ ಹರಡಿ ಹಿನ್ನೀರಾಗುತ್ತದೆ. ವೆಂಬನಾಡ್ ಕೆರೆ ಕಡಲಿಗೆ ಸಮಾನಾಂತರವಾಗಿ ಸುಮಾರು 96 ಕಿ.ಮೀ ಚಾಚಿದೆ. ನನ್ನ ಆಲಪ್ಪುಳ ಹಾಳೆಯ ಪೂರ್ವಭಾಗದಲ್ಲಿ ಗುಡ್ಡವೇ ಇಲ್ಲ, ತೆಂಗಿನ ಸಾಲು ಮಾತ್ರ. ಉಡುಪಿಯ ಹಾಳೆ ಪಕ್ಕಕ್ಕೆ ಕಾರವಾರದ್ದನ್ನು ಇಟ್ಟರೆ ಹೊಂದುವುದಿಲ್ಲ, ಕಣ್ಣೂರಿನದನ್ನು ಇಟ್ಟರೆ ಹೊಂದುತ್ತದೆ. ಎಲ್ಲ ಹಾಳೆಗೂ ಸೇರುವುದು ಮೂಲೆಯಲ್ಲಿ ಒತ್ತಿದ ಆ ಕೆಂಪು ಮಣ್ಣು. ರತ್ನಾಗಿರಿಯಲ್ಲೂ, ವರ್ಕಲದ ಬಂಡೆದಡದ ಮೇಲೂ ಅದು ಸಿಗುತ್ತದೆ.

ನಮ್ಮ ಕಡೆಯವರು ಜಾಸ್ತಿ ಹೋಗುವುದು ಗೋಕರ್ಣ, ಕಾರವಾರಕ್ಕೆ. ಹೋಗಲೇಬೇಕಾದ ಜಾಗಗಳೇ. ಆದರೆ ಇನ್ನೊಂದು ದಿನ ಕೈಯಲ್ಲಿದ್ದರೆ ಹೆದ್ದಾರಿಯಲ್ಲೇ ಕುಂದಾಪುರದವರೆಗೆ ಹೋಗಿ. ಬೈಂದೂರಿನ ಒತ್ತಿನೆಣೆ ಗುಡ್ಡದ ಮೇಲೆ ಸ್ವಲ್ಪ ಹೊತ್ತು ನಿಲ್ಲಿ, ಆಮೇಲೆ ಮರವಂತೆಯಲ್ಲಿ ಇಳಿಯಿರಿ. ಎರಡರ ನಡುವೆ ದೂರ ಜಾಸ್ತಿ ಇಲ್ಲ.