ಕಾಡುಹಾದಿ ದುರಸ್ತಿ ಶಿಬಿರಕ್ಕೆ ಹದಿಹರೆಯದ ಮಕ್ಕಳನ್ನು ಅಣಿಗೊಳಿಸುವುದು ಹೇಗೆ?

ಮಳೆಗಾಲ ಮುಗಿದು ಕಾಡಿನ ನೆಲ ಇನ್ನೂ ಹಸಿಯಾಗಿರುವ ಅಕ್ಟೋಬರ್ ಕೊನೆ ಮತ್ತು ನವೆಂಬರ್ ಮೊದಲ ವಾರಗಳು ಚಾರಣದ ಹಾದಿಗಳನ್ನು ದುರಸ್ತಿ ಮಾಡಲು ತಕ್ಕ ಕಾಲ. ಮಳೆನೀರು ಹಾದಿಯನ್ನು ಎಲ್ಲಿ ಕೊರೆದಿದೆ ಎಂಬುದು ಆಗ ಕಣ್ಣಿಗೆ ಕಾಣುತ್ತದೆ. ಗುದ್ದಲಿಯೂ ಮಣ್ಣಿಗೆ ಸುಲಭವಾಗಿ ಇಳಿಯುತ್ತದೆ. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ಕೊಡಚಾದ್ರಿಯಂತಹ, 1,343 ಮೀಟರ್ ಎತ್ತರದ ಜನಪ್ರಿಯ ಬೆಟ್ಟಕ್ಕೆ ಹದಿನಾಲ್ಕರಿಂದ ಹದಿನೇಳರ ವಯಸ್ಸಿನ ಮಕ್ಕಳನ್ನು ನಾಲ್ಕು ದಿನಗಳ ಶ್ರಮದಾನಕ್ಕೆ ಕರೆದೊಯ್ಯುವವರಿಗೆ ಈ ಬರಹ. ಮೈಸೂರಿನಿಂದ ಇಂಥ ತಂಡಗಳ ಜೊತೆ ಹೋಗಿಬರುತ್ತಿರುವ ನಾನು ಒಂದೇ ತಪ್ಪನ್ನು ಮತ್ತೆ ಮತ್ತೆ ನೋಡಿದ್ದೇನೆ: ದೊಡ್ಡವರು ಸಾಮಾನು ಕೊಳ್ಳಲು ಎರಡು ತಿಂಗಳು ತೆಗೆದುಕೊಳ್ಳುತ್ತಾರೆ, ಮಕ್ಕಳನ್ನು ಹೊರೆ ಹೊತ್ತು ನಡೆಸಲು ಎರಡು ದಿನವನ್ನೂ ಕೊಡುವುದಿಲ್ಲ. ಸಾಧಾರಣ ಚಾರಣಿಗ ಬೆಟ್ಟ ಹತ್ತಿದ ಮೇಲೆ ಕುಳಿತು ದಣಿವಾರಿಸಿಕೊಳ್ಳಬಹುದು. ನಮ್ಮ ಮಕ್ಕಳ ಕೆಲಸ ಆರಂಭವಾಗುವುದೇ ಆಗ.

ಮೊದಲು ಕಾಗದಪತ್ರ

ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿಧಾಮಕ್ಕೆ ಸೇರಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಯ ಇಂಥ ಕಾಡಿನಲ್ಲಿ ಸೇವೆಯ ಹೆಸರಿನಲ್ಲಿಯೂ ಅನುಮತಿಯಿಲ್ಲದೆ ಒಂದು ಕಲ್ಲನ್ನು ಸರಿಸುವಂತಿಲ್ಲ. ಅರಣ್ಯ ಇಲಾಖೆಯ ಲಿಖಿತ ಒಪ್ಪಿಗೆ, ಪೋಷಕರ ಸಹಿಯುಳ್ಳ ಪತ್ರ ಮತ್ತು ವೈದ್ಯರ ತಪಾಸಣೆಯ ವರದಿ ಕೈಸೇರಿದ ನಂತರವೇ ದಿನಾಂಕ ಗೊತ್ತುಮಾಡಿ. ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಆಗಲೇ ಕೇಳಿ. ಉಬ್ಬಸವಿರುವ ಮಗುವನ್ನು ಬಿಟ್ಟುಹೋಗಬೇಕಿಲ್ಲ, ಆದರೆ ಇನ್‌ಹೇಲರ್ ಒಂದು ಮಗುವಿನ ಬಳಿ, ಇನ್ನೊಂದು ತಂಡದ ಹಿರಿಯರ ಬಳಿ ಇರಲಿ.

ಬೂಟು

ಹೊಸ ಬೂಟನ್ನು ಶಿಬಿರದ ದಿನವೇ ಹಾಕಿಕೊಂಡು ಬಂದ ಮಗುವಿಗೆ ಎರಡನೆಯ ದಿನದ ಹೊತ್ತಿಗೆ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದೇ ಏಳುತ್ತದೆ. ಬೂಟನ್ನು ಆರು ವಾರ ಮುಂಚೆ, ಸಂಜೆಯ ಹೊತ್ತು, ದಪ್ಪ ಕಾಲುಚೀಲ ತೊಟ್ಟು ಕೊಳ್ಳಿ. ದಿನವಿಡೀ ನಡೆದ ಪಾದ ಸಂಜೆಗೆ ತುಸು ಊದಿಕೊಂಡಿರುತ್ತದೆ. ಅಣ್ಣನದೋ ಚಿಕ್ಕಪ್ಪನದೋ ಹಳೆಯ ಬೂಟನ್ನು ಅಟ್ಟದಿಂದ ಇಳಿಸಿ ಕೊಡುವುದು ನನಗೆ ಒಪ್ಪಿಗೆಯಿಲ್ಲ. ವರ್ಷಗಟ್ಟಲೆ ಸುಮ್ಮನೆ ಇಟ್ಟ ಬೂಟು ಹೊರಗಿನಿಂದ ಗಟ್ಟಿಯಾಗಿಯೇ ಕಾಣುತ್ತದೆ, ಅಡಿಭಾಗ ಮಾತ್ರ ಒದ್ದೆಯಾದೊಡನೆ ಕಿತ್ತುಬರುತ್ತದೆ. ಹಿಡ್ಲುಮನೆ ಜಲಪಾತದ ಬಳಿ ಹುಡುಗನೊಬ್ಬನ ಎರಡೂ ಬೂಟಿನ ಅಡಿ ಕಳಚಿದಾಗ, ಅವನ್ನು ಟೆಂಟಿನ ಹಗ್ಗದಿಂದ ಬಿಗಿದು ಹಿಂದಕ್ಕೆ ನಡೆಸಿಕೊಂಡು ಬರಬೇಕಾಯಿತು.

ಬೆನ್ನುಚೀಲ ಮತ್ತು ಹೊರೆಯ ಅಭ್ಯಾಸ

ಎಲ್ಲರೂ ಎಡವುವುದು ಇಲ್ಲಿಯೇ, ಆದ್ದರಿಂದ ಇದನ್ನು ವಿವರವಾಗಿ ಬರೆಯುತ್ತೇನೆ.

‘ಮಗ ಬೆಳೆಯುತ್ತಾನೆ, ದೊಡ್ಡದೇ ಇರಲಿ’ ಎಂದು ಎಪ್ಪತ್ತು ಲೀಟರಿನ ಚೀಲ ಕೊಳ್ಳಬೇಡಿ. ಜಾಗವಿದ್ದಷ್ಟೂ ತುಂಬುವುದು ಮನುಷ್ಯ ಸ್ವಭಾವ. ನಾಲ್ಕು ದಿನಕ್ಕೆ ನಲವತ್ತೈದು ಲೀಟರ್ ಧಾರಾಳವಾಯಿತು. ಕೊಳ್ಳುವ ಮುನ್ನ ಮಗುವಿನ ಬೆನ್ನನ್ನು ಟೇಪಿನಿಂದ ಅಳೆಯಿರಿ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬಿ ಕಾಣುವ ಮೂಳೆಯಿಂದ, ಸೊಂಟದ ಮೂಳೆಗಳ ಏಣಿನ ಮಟ್ಟದವರೆಗಿನ ಉದ್ದವೇ ಚೀಲದ ಅಳತೆ. ಎತ್ತರ ಒಂದೇ ಇದ್ದರೂ ಇಬ್ಬರು ಮಕ್ಕಳ ಬೆನ್ನಿನ ಉದ್ದ ಬೇರೆ ಬೇರೆ ಇರುತ್ತದೆ. ಸೊಂಟಪಟ್ಟಿಯ ಜಾಗದಲ್ಲಿ ಬರೀ ತೆಳ್ಳನೆಯ ನವಾರಿನ ಪಟ್ಟಿಯಿರುವ ಅಗ್ಗದ ಚೀಲಗಳನ್ನು ಉಚಿತವಾಗಿ ಕೊಟ್ಟರೂ ಬೇಡವೆನ್ನಿ. ಒಳ್ಳೆಯ ಚೀಲಗಳು ಬಾಡಿಗೆಗೂ ಸಿಗುತ್ತವೆ.

ಚೀಲ ಹಾಕಿಕೊಳ್ಳುವುದಕ್ಕೂ ಒಂದು ಕ್ರಮವಿದೆ. ಎಲ್ಲ ಪಟ್ಟಿಗಳನ್ನೂ ಮೊದಲು ಸಡಿಲಿಸಬೇಕು. ಚೀಲವನ್ನು ಬೆನ್ನಿಗೇರಿಸಿ, ಹೆಗಲನ್ನು ತುಸು ಮೇಲಕ್ಕೆತ್ತಿ, ಸೊಂಟದ ಮೂಳೆಯ ಏಣಿನ ಮೇಲೆ ಪಟ್ಟಿಯ ನಡುಭಾಗ ಕೂರುವಂತೆ ಬಿಗಿಯಬೇಕು. ಬಹುತೇಕ ಮಕ್ಕಳು ಅದನ್ನು ಹೊಟ್ಟೆಯ ಮೇಲೆ ಕಟ್ಟಿಕೊಂಡು ಉಸಿರು ಕಟ್ಟಿಸಿಕೊಳ್ಳುತ್ತಾರೆ. ಆಮೇಲೆ ಹೆಗಲಪಟ್ಟಿ, ಕೊನೆಗೆ ಎದೆಪಟ್ಟಿ. ಹೊರೆಯ ಬಹುಪಾಲು ಸೊಂಟಕ್ಕೆ ಇಳಿದಿದ್ದರೆ, ಹೆಗಲಪಟ್ಟಿಯ ಕೆಳಗೆ ಬೆರಳು ಸಲೀಸಾಗಿ ಹೋಗುತ್ತದೆ. ಒಮ್ಮೆ ಹುಡುಗಿಯೊಬ್ಬಳು ಅರ್ಧ ದಾರಿಯಲ್ಲಿ ಅಳುತ್ತ ಕುಳಿತಳು. ಹೆಗಲಿನ ಎರಡೂ ಕಡೆ ಕೆಂಪಗೆ ಬರೆ ಬಿದ್ದಿತ್ತು, ಸೊಂಟಪಟ್ಟಿ ಕಟ್ಟದೆ ನೇತಾಡುತ್ತಿತ್ತು. ಚೀಲ ಬಿಚ್ಚಿ ನೋಡಿದರೆ ಮೂರು ಜೀನ್ಸ್ ಪ್ಯಾಂಟು, ಗಾಜಿನ ಬಾಟಲಿಯಲ್ಲಿ ಉಪ್ಪಿನಕಾಯಿ, ತಳದಲ್ಲಿ ಎರಡು ಕಿಲೋ ಚಕ್ಕುಲಿ. ಅವಳ ತಾಯಿ ಅಕ್ಕರೆಯಿಂದ ತುಂಬಿಕೊಟ್ಟದ್ದು. ಚೀಲದೊಳಗೆ ಏನಿದೆ ಎಂಬುದು ಅವಳಿಗೇ ಗೊತ್ತಿರಲಿಲ್ಲ.

ಆದ್ದರಿಂದ ತುಂಬುವ ಕೆಲಸ ಮಗುವಿನದೇ ಆಗಿರಬೇಕು. ಮಲಗುವ ಚೀಲ ತಳದಲ್ಲಿರಲಿ. ಅಕ್ಕಿ, ಬೇಳೆ, ಪಾತ್ರೆಯಂತಹ ಭಾರದ ವಸ್ತುಗಳು ನಡುವಿನಲ್ಲಿ, ಬೆನ್ನಿಗೆ ಒತ್ತಿಕೊಂಡಂತೆ ಬರಲಿ. ಹೊರಮೈಗೆ ಹಗುರವಾದ ಬಟ್ಟೆಗಳು, ಎಲ್ಲಕ್ಕಿಂತ ಮೇಲೆ ಮಳೆಯಂಗಿ. ಭಾರವು ಬೆನ್ನಿನಿಂದ ದೂರ ಸರಿದಷ್ಟೂ ಚೀಲ ಹಿಂದಕ್ಕೆ ಎಳೆಯುತ್ತದೆ, ಮಗು ಮುಂದಕ್ಕೆ ಬಾಗುತ್ತದೆ. ಚೀಲದ ಮೇಲೆ ಹೊದಿಸುವ ಮಳೆಕವಚವನ್ನು ನಂಬಬೇಡಿ, ಬೆನ್ನಿನ ಕಡೆಯಿಂದ ನೀರು ಇಳಿದೇ ಇಳಿಯುತ್ತದೆ. ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು ಒಳಗೆ ಹಾಸಿ, ಸಾಮಾನನ್ನೆಲ್ಲ ಅದರೊಳಗೆ ತುಂಬಿ, ಬಾಯಿ ತಿರುಚಿ ಮಡಿಸುವುದೇ ಸರಿ.

ಎಷ್ಟು ಭಾರ ಹೊರಿಸಬಹುದು? 2020ರ ಶಾಲಾ ಚೀಲ ನೀತಿ ಪಾಟಿಚೀಲಕ್ಕೆ ಮಗುವಿನ ತೂಕದ ಹತ್ತನೇ ಒಂದು ಭಾಗದ ಮಿತಿ ಹಾಕಿದೆ. ಸೊಂಟಪಟ್ಟಿಯುಳ್ಳ ಚಾರಣದ ಚೀಲ ಅದಕ್ಕಿಂತ ಹೆಚ್ಚು ತಾಳುತ್ತದೆ, ಆದರೂ ನಾನು ನೀರೂ ಸೇರಿ ಆರನೇ ಒಂದು ಭಾಗವನ್ನು ಮೀರಗೊಡುವುದಿಲ್ಲ. 48 ಕಿಲೋ ತೂಗುವ ಮಗುವಿಗೆ 8 ಕಿಲೋ. ಹಾರೆ, ಪಿಕಾಸಿಗಳನ್ನು ಸರದಿಯ ಮೇಲೆ, ಚೀಲ ಹಗುರವಿರುವವರು ಹೊರಲಿ.

ಅಭ್ಯಾಸಕ್ಕೆ ಎಂಟು ವಾರ ಬೇಕು. ನಾವು ಚಾಮುಂಡಿ ಬೆಟ್ಟದ ಸುಮಾರು ಸಾವಿರ ಮೆಟ್ಟಿಲುಗಳನ್ನು ವಾರಕ್ಕೆ ಮೂರು ದಿನ ಬಳಸುತ್ತೇವೆ. ಮೊದಲ ಎರಡು ವಾರ ಮೂರು ಕಿಲೋ, ಆಮೇಲೆ ಮಗುವಿನ ಮಿತಿ ಮುಟ್ಟುವವರೆಗೆ ವಾರಕ್ಕೊಂದು ಕಿಲೋ ಏರಿಕೆ. ಇಟ್ಟಿಗೆ, ಪುಸ್ತಕಗಳ ಬದಲು ನೀರಿನ ಬಾಟಲಿಗಳನ್ನೇ ತುಂಬಿಸಿ. ಒಂದು ಲೀಟರೆಂದರೆ ಒಂದು ಕಿಲೋ, ಲೆಕ್ಕ ಸುಲಭ. ಮೇಲೆ ತಲುಪಿದ ಮೇಲೆ ನೀರನ್ನು ಗಿಡಗಳಿಗೆ ಸುರಿದು ಹಗುರವಾಗಿ ಇಳಿಯಬಹುದು. ಬೆಳೆಯುವ ಮಂಡಿಗಳಿಗೆ ಹೊರೆಯೊಂದಿಗೆ ಇಳಿಯುವುದೇ ಹೆಚ್ಚು ಪೆಟ್ಟು. ಆರನೇ ವಾರದಿಂದ ಅರ್ಧ ನೀರು ಉಳಿಸಿಕೊಂಡು ಇಳಿಯಲಿ, ಕೊನೆಯ ವಾರ ಪೂರ್ತಿ ಹೊರೆಯೊಂದಿಗೆ ಇಳಿಯಲಿ. ಓಟ, ಕ್ರಿಕೆಟ್, ಜಿಮ್ ಯಾವುದೂ ಇದಕ್ಕೆ ಬದಲಿಯಾಗಲಾರದು. ಶಾಲಾ ತಂಡದ ವೇಗದ ಬೌಲರೊಬ್ಬ ನಾಲ್ಕು ಕಿಲೋಮೀಟರಿಗೇ ಸುಸ್ತಾದದ್ದನ್ನು ನಾನು ಕಂಡಿದ್ದೇನೆ.

ಸಲಕರಣೆ ಹಿಡಿಯುವ ಪಾಠ

ಹಾರೆ, ಗುದ್ದಲಿಗಳನ್ನು ಹೆಗಲ ಮೇಲೆ ಹೊರದೆ ಕೈಯಲ್ಲಿ ಹಿಡಿದು, ಅಲಗು ಇಳಿಜಾರಿನ ಕಡೆಗಿರುವಂತೆ ನಡೆಯಬೇಕು. ಒಬ್ಬರಿಗೊಬ್ಬರು ಹತ್ತು ಅಡಿ ಅಂತರವಿರಬೇಕು. ಹಾದಿಗೆ ನೀರೇ ಮೊದಲ ಶತ್ರು ಎಂಬುದನ್ನು ಬಾಯಿಮಾತಿನಲ್ಲಿ ಹೇಳದೆ ತೋರಿಸಿ. ಶಾಲೆಯ ಮೈದಾನದ ಇಳಿಜಾರಿನಲ್ಲಿ ಎರಡಡಿ ಅಗಲದ ಹಾದಿ ಮಾಡಿಸಿ, ಮೇಲಿನಿಂದ ಒಂದು ಕೊಡ ನೀರು ಸುರಿಯಿರಿ. ಮಣ್ಣು ಕೊಚ್ಚಿ ಹೋಗುವುದನ್ನು ಮಕ್ಕಳು ನೋಡಲಿ. ನಂತರ ಹಾದಿಗೆ ಓರೆಯಾಗಿ ಕಲ್ಲುಗಳನ್ನು ಸಾಲಾಗಿ, ಮುಕ್ಕಾಲು ಪಾಲು ನೆಲದೊಳಗೆ ಹೂತು, ನೀರು ಪಕ್ಕಕ್ಕೆ ಹರಿಯಲು ಬಾಯಿ ಬಿಡಿಸಿ ಮತ್ತೊಂದು ಕೊಡ ಸುರಿಯಿರಿ. ಕಲ್ಲನ್ನು ಅಡ್ಡಕ್ಕೆ ನೇರವಾಗಿ ಇಟ್ಟರೆ ನೀರು ನಿಂತು ಮೇಲೆ ಉಕ್ಕುತ್ತದೆ. ಅದನ್ನೂ ಒಮ್ಮೆ ಮಾಡಿ ನೋಡಲು ಬಿಡಿ.

ಇಂಬಳ ಮತ್ತು ಉಣುಗು

ಇಂಬಳದಿಂದ ರಕ್ತ ಸೋರಿದರೂ ಪ್ರಾಣಭಯವಿಲ್ಲ. ಉದ್ದನೆಯ ಕಾಲುಚೀಲದೊಳಗೆ ಪ್ಯಾಂಟಿನ ತುದಿ ಸೇರಿಸಿದರೆ ಸಾಕು. ಜಾಗ್ರತೆ ಬೇಕಿರುವುದು ಉಣುಗಿನ ಬಗ್ಗೆ. ಉಣುಗಿನ ಕಡಿತದಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ನೆಲ ಒಣಗುವ ತಿಂಗಳುಗಳಲ್ಲಿ ಅದರ ಹಾವಳಿ ಹೆಚ್ಚು. ಶಿಬಿರವನ್ನು ಜನವರಿಗೆ ಮುಂದೂಡಬೇಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಉಣುಗು ಹತ್ತಿರ ಬಾರದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲವನ್ನು ಕಾಡು ಹೊಗುವ ಮುನ್ನ ಕೈಕಾಲಿಗೆ ಸವರಬೇಕು, ತರಗೆಲೆಯ ಮೇಲೆ ಕೂರಬಾರದು, ಸಂಜೆ ಬಟ್ಟೆ ಬದಲಿಸಿ ಮೈಯೆಲ್ಲ ನೋಡಿಕೊಳ್ಳಬೇಕು. ಕಚ್ಚಿದ ಉಣುಗನ್ನು ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಬೇಕು; ಸೀಮೆಎಣ್ಣೆ, ಬೆಂಕಿಕಡ್ಡಿಗಳ ಉಪಾಯ ಬೇಡ. ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಸಿಬ್ಬಂದಿಗೆ ತಿಳಿಸಬೇಕು. ಮನೆಗೆ ಮರಳಿದ ಎರಡು ವಾರದೊಳಗೆ ಜ್ವರ ಬಂದರೆ, ಮಗು ಮಲೆನಾಡಿನ ಕಾಡಿಗೆ ಹೋಗಿತ್ತೆಂದು ವೈದ್ಯರಿಗೆ ಮೊದಲೇ ಹೇಳಿ.

ಹೊರಡುವ ಮುನ್ನಾದಿನ

ತೂಗುವ ಕೊಕ್ಕೆತಕ್ಕಡಿಯೊಂದನ್ನು ಶಾಲೆಯ ಜಗಲಿಯ ತೊಲೆಗೆ ಕಟ್ಟಿ, ಪ್ರತಿ ಮಗು ತನ್ನ ಚೀಲವನ್ನು ತಾನೇ ತೂಗಿ, ಅಂಕಿಯನ್ನು ತಂಡದ ಪುಸ್ತಕದಲ್ಲಿ ಬರೆಯಲಿ. ಮಿತಿ ಮೀರಿದ್ದರೆ ಎಲ್ಲವನ್ನೂ ಚಾಪೆಯ ಮೇಲೆ ಹರಡಿ, ಯಾವುದನ್ನು ಬಿಡಬೇಕೆಂದು ಮಗುವೇ ತೀರ್ಮಾನಿಸಲಿ. ಬಿಟ್ಟ ವಸ್ತುಗಳನ್ನು ಪೋಷಕರು ಅಂದೇ ಸಂಜೆ ಮನೆಗೆ ಒಯ್ಯಬೇಕು. ಬಸ್ಸಿನ ಬಳಿಗೆ ಅವನ್ನು ಮತ್ತೆ ತರಕೂಡದು.